ಸಹಾಯ ಬೇಕು: ಡೊಂಬಿವ್ಲಿ ಹತ್ತಿರ ಕನ್ನಡ ಬಲ್ಲ ಡಯೆಟಿಷಿಯನ್

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಹೋದ ತಿಂಗಳು ಸ್ಟೆಂಟ್ (ರಕ್ತನಾಳ ತೆರೆದಿಡುವ ಪುಟ್ಟ ಕೊಳವೆ) ಹಾಕಿದ್ದಾರೆ. ತೂಕ ಇಳಿಯಬೇಕು, ಹೊಟ್ಟೆಯ ಸುತ್ತಳತೆ 90 ಸೆಂ.ಮೀ. ಒಳಗೆ ಬರಬೇಕು ಎಂದಿದ್ದಾರೆ ಡಾಕ್ಟರ್.

ಪಕ್ಕದ ಮನೆ ಕಾಕಾ ಪ್ರೋಬಯಾಟಿಕ್ (ಒಳ್ಳೆಯ ಜೀವಂತ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ತಂದುಕೊಟ್ಟು, ಇಷ್ಟೇ ಸಾಕು ಎನ್ನುತ್ತಾರೆ. ನನಗೆ ನಂಬಿಕೆ ಇಲ್ಲ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಲ್ಲೇ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಅಲ್ವಾ? (ಇಡ್ಲಿ ಹಿಟ್ಟಿನಲ್ಲೂ ಇರುತ್ತವೆ, ಆದರೆ ಬೇಯಿಸಿದರೆ ಸಾಯುತ್ತವೆ.) ನಿಜವಾದ ತೊಂದರೆ ಉಪ್ಪಿನದು. ದಿನಕ್ಕೆ 5 ಗ್ರಾಂ ದಾಟಬಾರದು. ಅಪ್ಪನಿಗೋ ಮಜ್ಜಿಗೆಗೆ ಉಪ್ಪು ಬೇಕು, ಮಾವಿನಮಿಡಿ ಬೇಕು, ಸುಟ್ಟ ಹಪ್ಪಳವೂ ಬೇಕು. ನಾನು ಹೇಳಿದರೆ ಕೇಳುವುದಿಲ್ಲ.

ಡೊಂಬಿವ್ಲಿ, ಕಲ್ಯಾಣ, ಠಾಣೆ ಕಡೆ ಮುದ್ದೆ, ಸೊಪ್ಪಿನ ಸಾರು, ಕೋಸಂಬರಿ ಗೊತ್ತಿದ್ದು, ಅಪ್ಪನ ಜೊತೆ ಕನ್ನಡದಲ್ಲೇ ಕೂತು ಮಾತಾಡುವ ಡಯೆಟಿಷಿಯನ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಫೀಸ್ ಎಷ್ಟು ಅಂತಲೂ ಹೇಳಿ.