ಪಿಎಚ್‌ಪಿ ಆ್ಯಪ್: ಸಿಪಿಯು ಖಾಲಿ ಇದ್ದರೂ ಡ್ಯಾಶ್‌ಬೋರ್ಡ್ ನಿಧಾನ, ಸೆಷನ್ ಸೆಟ್ಟಿಂಗ್ ಕಾರಣವಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಉಬುಂಟು ಸರ್ವರ್, ಎನ್‌ಜಿನ್‌ಎಕ್ಸ್, ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡ್ ಓಡಿಸುವ ವರ್ಕರ್‌ಗಳನ್ನು ನಡೆಸುವ ಸೇವೆ). ಲಾಗಿನ್ ಆದ ಕೂಡಲೇ ನಮ್ಮ ಡ್ಯಾಶ್‌ಬೋರ್ಡ್ ಆರು ಅಜಾಕ್ಸ್ ರಿಕ್ವೆಸ್ಟ್ (ಪುಟದ ಹಿನ್ನೆಲೆಯಲ್ಲಿ ಹೋಗುವ ಕರೆ) ಒಟ್ಟಿಗೆ ಕಳಿಸುತ್ತದೆ. ಅವು ಒಂದೊಂದಾಗಿ ಬರುತ್ತವೆ, ಕೊನೆಯದಕ್ಕೆ ತುಂಬಾ ಹೊತ್ತು ಕಾಯಬೇಕು. ಸಿಪಿಯು, ಡೇಟಾಬೇಸ್ ಎರಡೂ ಆರಾಮಾಗಿವೆ. ಎಫ್‌ಪಿಎಂ ಸ್ಲೋ ಲಾಗ್‌ನಲ್ಲಿ ಮೇಲಿನ ಸಾಲು ಯಾವಾಗಲೂ ಸೆಷನ್_ಸ್ಟಾರ್ಟ್(). ಸೆಷನ್ ಫೈಲ್‌ಗಳಿಗೆ (ಪ್ರತಿ ಬಳಕೆದಾರನ ಲಾಗಿನ್ ಮಾಹಿತಿ ಇಡುವ ಫೈಲ್) ಎಫ್‌ಪಿಎಂನ ಪೂಲ್ ಕಾನ್ಫಿಗ್‌ನಲ್ಲಿ, ಅಂದರೆ ವರ್ಕರ್ ಗುಂಪಿನ ಸೆಟ್ಟಿಂಗ್‌ನಲ್ಲಿ, ಬೇರೆ ಫೋಲ್ಡರ್ ಕೊಟ್ಟಿದ್ದೇವೆ. ಫೈಲ್ ಬಿಟ್ಟು ರೆಡಿಸ್‌ಗೆ (ಮೆಮೊರಿಯಲ್ಲಿ ಡೇಟಾ ಇಡುವ ಸರ್ವರ್) ಹೋದರೆ ಸರಿಯಾಗುತ್ತಾ?

ಉತ್ತರ:
ಸರ್, ರೆಡಿಸ್ ಆಮೇಲೆ ನೋಡೋಣ. ಸ್ಲೋ ಲಾಗ್‌ನ ಆ ಸಾಲೇ ಎಲ್ಲ ಹೇಳುತ್ತಿದೆ. ಸೆಷನ್ ಫೈಲ್‌ನಲ್ಲಿದ್ದಾಗ ಸೆಷನ್_ಸ್ಟಾರ್ಟ್() ಆ ಫೈಲಿಗೆ ಲಾಕ್ ಹಾಕುತ್ತದೆ. ಸ್ಕ್ರಿಪ್ಟ್ ಮುಗಿಯುವವರೆಗೆ ಬಿಡುವುದಿಲ್ಲ. ಒಬ್ಬನೇ ಬಳಕೆದಾರನ ಆರು ರಿಕ್ವೆಸ್ಟ್ ಅಂದರೆ ಒಂದೇ ಫೈಲ್, ಹಾಗಾಗಿ ಐದು ಸುಮ್ನೆ ಕಾಯುತ್ತಿರುತ್ತವೆ. ಕಾಯುವಾಗ ಸಿಪಿಯು ಬೇಡ, ಆದರೆ ಒಂದೊಂದೂ ಒಂದು ಎಫ್‌ಪಿಎಂ ವರ್ಕರ್ ಹಿಡಿದಿರುತ್ತದೆ. ಹತ್ತಾರು ಜನ ಒಟ್ಟಿಗೆ ಡ್ಯಾಶ್‌ಬೋರ್ಡ್ ತೆರೆದರೆ ವರ್ಕರ್‌ಗಳೆಲ್ಲ ಖರ್ಚಾಗಿ ಬೇರೆಯವರ ಪುಟಗಳೂ ನಿಲ್ಲುತ್ತವೆ.

ಖಚಿತ ಮಾಡಿಕೊಳ್ಳಲು ನಿಧಾನದ ರಿಪೋರ್ಟ್ ಒಂದನ್ನು ಓಡಲು ಬಿಟ್ಟು, ಅದೇ ಬ್ರೌಸರಿನ ಇನ್ನೊಂದು ಟ್ಯಾಬ್‌ನಲ್ಲಿ ಯಾವುದಾದರೂ ಹಗುರ ಪುಟ ತೆರೆಯಿರಿ. ಆಮೇಲೆ ಬೇರೆ ಬ್ರೌಸರಿನಲ್ಲಿ ಲಾಗಿನ್ ಆಗಿ ತೆರೆಯಿರಿ. ಮೊದಲನೆಯದು ತಡೆದು ಎರಡನೆಯದು ಥಟ್ಟನೆ ಬಂದರೆ ಲಾಕೇ ಕಾರಣ.

ಪರಿಹಾರ ಕೋಡ್‌ನಲ್ಲಿದೆ. ಬಳಕೆದಾರನ ಐಡಿ ಓದಿಕೊಂಡ ತಕ್ಷಣ, ದೊಡ್ಡ ಕ್ವೆರಿಗೆ ಮುಂಚೆ, ಸೆಷನ್_ರೈಟ್_ಕ್ಲೋಸ್() ಕರೆಯಿರಿ. ಆಮೇಲೂ ಸೆಷನ್ ಅರೇಯಿಂದ ಓದಬಹುದು, ಬರೆದರೆ ಮಾತ್ರ ಉಳಿಯುವುದಿಲ್ಲ. ಬರೆಯುವ ಕೆಲಸವೇ ಇಲ್ಲದ ಕಡೆ ಸೆಷನ್_ಸ್ಟಾರ್ಟ್‌ಗೆ ರೀಡ್_ಅಂಡ್_ಕ್ಲೋಸ್ ಆಯ್ಕೆ ಕೊಡಿ. ಪಿಎಚ್‌ಪಿ 7.0ರಿಂದ ಇದೆ.

ಪ್ರಶ್ನೆ ಕೇಳಿದವರು:
ಟೆಸ್ಟ್ ನೀವು ಹೇಳಿದ ಹಾಗೇ ಆಯಿತು. ಕ್ಲೋಸ್ ಹಾಕಿದ ಮೇಲೆ ಆರೂ ಒಟ್ಟಿಗೆ ಬರುತ್ತಿವೆ, ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ: ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಡಿಎಫ್ -ಐ ನೋಡಿದರೆ ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ) ಮುಗಿಯುತ್ತಾ ಬಂದಿದೆ. ಸೆಷನ್ ಫೋಲ್ಡರಿನಲ್ಲಿ ಎಲ್ಎಸ್ ಕೊಟ್ಟರೆ ಟರ್ಮಿನಲ್ ಅಲ್ಲೇ ನಿಂತುಬಿಡುತ್ತದೆ.

ಉತ್ತರ:
ಅದು ಆ ಬೇರೆ ಫೋಲ್ಡರಿನ ಫಲ. ಉಬುಂಟು, ಡೆಬಿಯನ್‌ಗಳಲ್ಲಿ ಸೆಷನ್.ಜಿಸಿ_ಪ್ರಾಬಬಿಲಿಟಿ 0 ಇರುತ್ತದೆ, ಅಂದರೆ ಪಿಎಚ್‌ಪಿ ತಾನಾಗಿ ಹಳೇ ಫೈಲ್ ಅಳಿಸುವುದಿಲ್ಲ. ಅರ್ಧ ಗಂಟೆಗೊಮ್ಮೆ ಸೆಷನ್‌ಕ್ಲೀನ್ ಎಂಬ ಸ್ಕ್ರಿಪ್ಟ್ ಓಡಿ ಗುಡಿಸುತ್ತದೆ. ಅದು ಪಿಎಚ್‌ಪಿ.ಐಎನ್‌ಐನಲ್ಲಿರುವ ಫೋಲ್ಡರನ್ನು ನೋಡುತ್ತದೆಯೇ ಹೊರತು ಎಫ್‌ಪಿಎಂ ಪೂಲ್‌ನಲ್ಲಿ ಕೊಟ್ಟದ್ದನ್ನಲ್ಲ. ಬಾಟ್‌ಗಳು ಕುಕೀ ಇಟ್ಟುಕೊಳ್ಳದೆ ಬಂದರೆ ಪ್ರತಿ ಭೇಟಿಗೂ ಒಂದು ಹೊಸ ಫೈಲ್ ಬೇರೆ.

ಆರ್‌ಎಂ ಜೊತೆ ನಕ್ಷತ್ರ ಹಾಕಿ ಅಳಿಸಲು ಹೋಗಬೇಡಿ, ಪಟ್ಟಿ ಉದ್ದವಾಯಿತು ಎಂದು ಅದು ಕೈಚೆಲ್ಲುತ್ತದೆ. ಫೈಂಡ್ ಆಜ್ಞೆಗೆ ಎಂಮಿನ್ +24 ಮತ್ತು ಡಿಲೀಟ್ ಕೊಟ್ಟು ಕ್ರಾನ್‌ಗೆ (ಹೊತ್ತುಹೊತ್ತಿಗೆ ಆಜ್ಞೆ ಓಡಿಸುವ ವ್ಯವಸ್ಥೆ) ಹಾಕಿ. ಈ 24 ನಿಮಿಷ ಅಂದರೆ ಸೆಷನ್ ಎಷ್ಟು ಹೊತ್ತು ಉಳಿಯಬೇಕು ಎಂದು ಹೇಳುವ ಜಿಸಿ_ಮ್ಯಾಕ್ಸ್‌ಲೈಫ್‌ಟೈಮ್‌ನ ಡೀಫಾಲ್ಟ್ 1440 ಸೆಕೆಂಡ್. ನೀವು ಅದನ್ನು ಜಾಸ್ತಿ ಮಾಡಿದ್ದರೆ ಇಲ್ಲೂ ಅಷ್ಟೇ ಇರಲಿ, ಇಲ್ಲದಿದ್ದರೆ ಜನ ನಡುವೆಯೇ ಲಾಗೌಟ್ ಆಗುತ್ತಾರೆ.

ಇನ್ನೊಬ್ಬರು:
ಹಾಗಾದರೆ ರೆಡಿಸ್ ಬೇಡವೇ ಬೇಡವಾ? ನಮ್ಮಲ್ಲಿ ಹಾಕಿದ ದಿನವೇ ವೇಗ ಬಂತು.

ಉತ್ತರ:
ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವುದು) ಹಿಂದೆ ಎರಡು ಸರ್ವರ್ ಇದ್ದರೆ ಖಂಡಿತ ಹಾಕಿ. ಆದರೆ ನಿಮ್ಮ ಆ ವೇಗ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿ. ಪಿಎಚ್‌ಪಿ-ರೆಡಿಸ್ ಎಕ್ಸ್‌ಟೆನ್ಷನ್‌ನಲ್ಲಿ ಸೆಷನ್ ಲಾಕ್ ಡೀಫಾಲ್ಟ್ ಆಗಿ ಆಫ್. ಕಾಯುವುದು ತಪ್ಪಿತು ನಿಜ. ಆದರೆ ಎರಡು ರಿಕ್ವೆಸ್ಟ್ ಒಟ್ಟಿಗೆ ಕಾರ್ಟ್‌ಗೆ ಸಾಮಾನು ಸೇರಿಸಿದರೆ ಕೊನೆಗೆ ಬರೆದದ್ದೇ ಉಳಿಯುತ್ತದೆ, ಇನ್ನೊಂದು ಕಾಣೆ. ಎರರ್ ಲಾಗ್‌ನಲ್ಲೂ ಏನೂ ಸಿಗುವುದಿಲ್ಲ. ರೆಡಿಸ್.ಸೆಷನ್.ಲಾಕಿಂಗ್_ಎನೇಬಲ್ಡ್ 1 ಮಾಡಿ, ಮೇಲೆ ಹೇಳಿದ ಕ್ಲೋಸ್ ಕರೆಯನ್ನೂ ಇಟ್ಟುಕೊಳ್ಳಿ.