ತರಗತಿಗೆ ಹೋಗದೆ ಫೈನಾನ್ಷಿಯಲ್ ರಿಪೋರ್ಟಿಂಗ್ ಓದುವವರು 14 ವಾರಗಳನ್ನು ಹೇಗೆ ಹಂಚಿಕೊಳ್ಳಬೇಕು?

ಪ್ರಶ್ನೆ

ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತ ಎಸಿಸಿಎ (ಬ್ರಿಟನ್ ಮೂಲದ ವೃತ್ತಿಪರ ಲೆಕ್ಕಪರಿಣತರ ಸಂಸ್ಥೆ) ಪರೀಕ್ಷೆಗಳನ್ನು ಒಂದೊಂದಾಗಿ ಬರೆಯುತ್ತಿದ್ದೇನೆ. ಇನ್ನು 14 ವಾರಗಳಲ್ಲಿ ಫೈನಾನ್ಷಿಯಲ್ ರಿಪೋರ್ಟಿಂಗ್ ಪತ್ರಿಕೆಯಿದೆ. ತರಗತಿಗೆ ಸೇರಲು ಸಮಯ ಹೊಂದುವುದಿಲ್ಲವಾದ್ದರಿಂದ ಸ್ವಂತವಾಗಿಯೇ ಓದಲು ನಿರ್ಧರಿಸಿದ್ದೇನೆ. ವಾರದ ಐದು ದಿನ ಬೆಳಿಗ್ಗೆ ಒಂದೊಂದು ಗಂಟೆ, ಶನಿವಾರ ಮತ್ತು ಭಾನುವಾರ ತಲಾ ಮೂರು ಗಂಟೆ, ಹೀಗೆ ವಾರಕ್ಕೆ 11 ಗಂಟೆ ಸಿಗುತ್ತದೆ.

ಕಳೆದ ಬಾರಿ ಇದೇ ಪತ್ರಿಕೆಗೆ ಪಠ್ಯದ ಅಧ್ಯಾಯಗಳನ್ನು ವಾರಗಳಿಗೆ ಸಮನಾಗಿ ಹಂಚಿ, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದ ವೇಳಾಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಆರನೆಯ ವಾರದ ಹೊತ್ತಿಗೆ ಮೂರು ಅಧ್ಯಾಯ ಹಿಂದೆ ಬಿದ್ದಿದ್ದೆ. ಕನ್ಸಾಲಿಡೇಷನ್ (ಮಾತೃಸಂಸ್ಥೆ ಮತ್ತು ಅಂಗಸಂಸ್ಥೆಗಳ ಲೆಕ್ಕಗಳನ್ನು ಒಂದುಗೂಡಿಸುವುದು) ಕೈಗೆತ್ತಿಕೊಂಡಾಗ ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. ಬಂದದ್ದು 43 ಅಂಕ. ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತಿತ್ತು. ಪರದೆಯ ಮುಂದೆ ಕುಳಿತಾಗ ಕೈ ಓಡಲಿಲ್ಲ. ಈ ಬಾರಿ ಯೋಜನೆಯನ್ನು ಯಾವ ಆಧಾರದ ಮೇಲೆ ಹಾಕಿಕೊಳ್ಳಬೇಕು, ಸ್ವಂತ ಟಿಪ್ಪಣಿ ಬರೆದುಕೊಳ್ಳುವುದು ಅಗತ್ಯವೇ, ಮಾದರಿ ಪರೀಕ್ಷೆಗಳನ್ನು ಯಾವಾಗ ಆರಂಭಿಸಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

43 ಅಂಕ ತೆಗೆದವರಿಗೆ ವಿಷಯ ಗೊತ್ತಿಲ್ಲವೆಂದು ನಾನು ಒಪ್ಪುವುದಿಲ್ಲ. ತೇರ್ಗಡೆಯ 50ಕ್ಕೆ ಕೊರತೆ ಬಿದ್ದ ಏಳು ಅಂಕ ಕೊನೆಯ ವಿಭಾಗದ ಒಂದು ಪ್ರಶ್ನೆಯ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಯೋಜನೆಯನ್ನು ಪಠ್ಯಪುಸ್ತಕದ ಪರಿವಿಡಿಯಿಂದಲ್ಲದೆ ಪ್ರಶ್ನೆಪತ್ರಿಕೆಯ ರಚನೆಯಿಂದ ಆರಂಭಿಸಿ. ಮೊದಲ ವಿಭಾಗದಲ್ಲಿ ಎರಡೆರಡು ಅಂಕದ 15 ಪ್ರಶ್ನೆಗಳಿವೆ. ಎರಡನೆಯದರಲ್ಲಿ ಮೂರು ಸನ್ನಿವೇಶಗಳು, ಪ್ರತಿಯೊಂದಕ್ಕೂ ಎರಡು ಅಂಕದ ಐದು ಪ್ರಶ್ನೆಗಳು. ಮೂರನೆಯದರಲ್ಲಿ 20 ಅಂಕದ ಎರಡು ದೊಡ್ಡ ಪ್ರಶ್ನೆಗಳಿದ್ದು, ಒಂದು ಹಣಕಾಸು ಪಟ್ಟಿಗಳನ್ನು ಸಿದ್ಧಪಡಿಸುವುದಕ್ಕೆ, ಇನ್ನೊಂದು ಸಿದ್ಧವಾದ ಪಟ್ಟಿಗಳನ್ನು ವಿಶ್ಲೇಷಿಸುವುದಕ್ಕೆ ಸಂಬಂಧಿಸಿರುತ್ತದೆ. ಮೊದಲ 60 ಅಂಕಗಳು ಪಠ್ಯಕ್ರಮದ ಉದ್ದಗಲಕ್ಕೂ ಹರಡಿಕೊಂಡಿರುವುದರಿಂದ ಯಾವ ಮೂಲೆಯನ್ನೂ ಬಿಡುವಂತಿಲ್ಲ. ಉಳಿದ 40 ಅಂಕಗಳಿಗೆ ಎರಡೇ ಎರಡು ಕೌಶಲಗಳು ಸಾಕು, ಆದರೆ ಅವು ಕೈಗೆ ಕೂರಲು ತಿಂಗಳುಗಳೇ ಬೇಕು. ಆ ಎರಡು ಕೌಶಲಗಳನ್ನು ನೀವು ಕೊನೆಯ ಹತ್ತು ದಿನಕ್ಕೆ ತಳ್ಳಿದ್ದಿರಿ.

ನಾನಾಗಿದ್ದರೆ ಕನ್ಸಾಲಿಡೇಷನ್‌ಅನ್ನು ಮೂರನೆಯ ವಾರಕ್ಕೇ ತರುತ್ತಿದ್ದೆ. ಗುಡ್‌ವಿಲ್ (ಕೊಂಡ ಸಂಸ್ಥೆಯ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ತೆತ್ತ ಬೆಲೆ), ಅಲ್ಪಸಂಖ್ಯಾತ ಷೇರುದಾರರ ಪಾಲು, ಸಮೂಹದ ಉಳಿಕೆ ಲಾಭ ಎಂಬ ಮೂರು ಲೆಕ್ಕಗಳನ್ನು ಕಲಿಯಲು ಉಳಿದೆಲ್ಲ ಲೆಕ್ಕಪತ್ರ ಮಾನದಂಡಗಳು ಮೊದಲೇ ಗೊತ್ತಿರಬೇಕೆಂಬ ನಿಯಮವೇನೂ ಇಲ್ಲ. ಒಮ್ಮೆ ಕಲಿತ ಮೇಲೆ ಪ್ರತಿ ಭಾನುವಾರ ಒಂದು ಇಡೀ ಪ್ರಶ್ನೆಯನ್ನು 36 ನಿಮಿಷದಲ್ಲಿ ಬಿಡಿಸಿ. 180 ನಿಮಿಷಕ್ಕೆ 100 ಅಂಕವೆಂದರೆ ಒಂದು ಅಂಕಕ್ಕೆ 1.8 ನಿಮಿಷ, 20 ಅಂಕಕ್ಕೆ 36 ನಿಮಿಷ. ಮೊದಮೊದಲು 70 ನಿಮಿಷ ಹಿಡಿಯುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಬೆಳಗಿನ ಒಂದು ಗಂಟೆಯ ಮೊದಲ 15 ನಿಮಿಷ ಹಿಂದಿನ ದಿನದ ಪ್ರಶ್ನೆಯೊಂದನ್ನು ಪುಸ್ತಕ ಮುಚ್ಚಿ ಮತ್ತೆ ಬಿಡಿಸಿ, ನಂತರ 20 ನಿಮಿಷ ಹೊಸ ಓದು, ಉಳಿದ 25 ನಿಮಿಷ ಆ ಓದಿನ ಮೇಲಿನ ಪ್ರಶ್ನೆಗಳು. ಓದುವಾಗ ಎಲ್ಲವೂ ತಿಳಿದಂತಿತ್ತು ಎಂದಿದ್ದೀರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ ಇದೇ ಕಂಡುಬಂದಿತ್ತು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಓದುವ ಬದಲು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಸ್ಪಷ್ಟವಾಗಿ ಮುಂದಾದರು. ಮರು ಓದು ಕೊಡುವ ಹಿತವಾದ ಭಾವನೆ ಆ ಐದು ನಿಮಿಷದ್ದು, ಪರೀಕ್ಷೆ ಬರುವುದು ವಾರಗಳ ನಂತರ.

ಟಿಪ್ಪಣಿಗಳ ವಿಷಯದಲ್ಲಿ ನನ್ನದು ಸ್ವಲ್ಪ ಕಠೋರ ಅಭಿಪ್ರಾಯ. ಪುಸ್ತಕದ ಸಾರಾಂಶವನ್ನು ಅಂದವಾದ ಅಕ್ಷರದಲ್ಲಿ ನಕಲು ಮಾಡುವುದು ಓದಿನ ವೇಷ ತೊಟ್ಟ ವಿಶ್ರಾಂತಿ.

ಉತ್ತರ 2

ಮೇಲಿನವರ ಮಾತಿನಲ್ಲಿ ಬಹುಪಾಲು ನನಗೆ ಒಪ್ಪಿಗೆಯಿದೆ, ಆದರೆ 20 ನಿಮಿಷದ ಹೊಸ ಓದು ಎಲ್ಲ ಮಾನದಂಡಗಳಿಗೂ ಸಾಲುತ್ತದೆ ಎಂಬುದಕ್ಕೆ ನನ್ನ ತಕರಾರಿದೆ. ಐಎಎಸ್ (ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ) 2ರ ದಾಸ್ತಾನು ಮೌಲ್ಯಮಾಪನಕ್ಕೆ ಅಷ್ಟು ಸಾಕು. ಮುಂದೆ ತೆರಬೇಕಾದ ಹೊಣೆಗೆ ಲೆಕ್ಕದಲ್ಲಿ ಈಗಲೇ ಮೊತ್ತ ತೋರಿಸುವ, ಅಂದರೆ ಅವಕಾಶ (ಪ್ರಾವಿಷನ್) ಕಲ್ಪಿಸುವ ಐಎಎಸ್ 37ಕ್ಕೆ ಸಾಲದು. ಅಲ್ಲಿ ಹಿಂದಿನ ಘಟನೆಯಿಂದ ಹುಟ್ಟಿದ ಈಗಿನ ಬಾಧ್ಯತೆ ಇರಬೇಕು, ಸಂಪನ್ಮೂಲ ಹೊರಹೋಗುವ ಸಂಭವ ಹೆಚ್ಚಿರಬೇಕು, ಮೊತ್ತವನ್ನು ನಂಬಲರ್ಹವಾಗಿ ಅಂದಾಜು ಮಾಡುವಂತಿರಬೇಕು ಎಂಬ ಮೂರು ಷರತ್ತುಗಳನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಆದರೆ ಹೊಸ ಕಾನೂನು ಬಂದಿರುವುದರಿಂದ ಮುಂದಿನ ವರ್ಷ ಸಿಬ್ಬಂದಿಗೆ ಮರುತರಬೇತಿ ಕೊಡಬೇಕಾಗಿದೆ, ಅದರ ವೆಚ್ಚಕ್ಕೆ ಈ ವರ್ಷವೇ ಅವಕಾಶ ಕಲ್ಪಿಸಬೇಕೇ ಎಂದು ಕೇಳಿದರೆ ಹಲವರು ಹೌದೆನ್ನುತ್ತಾರೆ. ತರಬೇತಿ ಇನ್ನೂ ನಡೆದಿಲ್ಲ, ಬಾಧ್ಯತೆ ಹುಟ್ಟಿಸುವ ಘಟನೆಯೇ ಸಂಭವಿಸಿಲ್ಲ, ಆದ್ದರಿಂದ ಅವಕಾಶ ಕಲ್ಪಿಸುವಂತಿಲ್ಲ. ಬಯಲಿನಲ್ಲಿ ನಿಲ್ಲಿಸಿದ ಸ್ಥಾವರವನ್ನು ಅವಧಿ ಮುಗಿದ ಮೇಲೆ ಕಳಚಿ ನೆಲವನ್ನು ಮೊದಲಿನಂತೆ ಮಾಡಿಕೊಡಲೇಬೇಕಾದ ಬಾಧ್ಯತೆಯಾದರೋ ಸ್ಥಾವರ ನಿಂತ ದಿನವೇ ಹುಟ್ಟಿರುತ್ತದೆ. ಅದರ ಇಂದಿನ ಮೌಲ್ಯವನ್ನು ಆಸ್ತಿಯ ವೆಚ್ಚಕ್ಕೆ ಸೇರಿಸಿ, ವರ್ಷ ವರ್ಷವೂ ಬೆಳೆಯುವ ಮೊತ್ತವನ್ನು ಹಣಕಾಸು ವೆಚ್ಚವೆಂದು ತೋರಿಸಬೇಕು. ಈ ಎರಡು ಉದಾಹರಣೆಗಳ ನಡುವಿನ ವ್ಯತ್ಯಾಸವನ್ನು ನಮ್ಮದೇ ಮಾತಿನಲ್ಲಿ ಮೂರು ಸಾಲು ಬರೆಯಲಾಗದಿದ್ದರೆ, ಎಷ್ಟು ಪ್ರಶ್ನೆ ಬಿಡಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಆದ್ದರಿಂದ ಟಿಪ್ಪಣಿ ಬರೆಯಿರಿ, ಆದರೆ ‘ಏಕೆ’ ಎಂಬುದಕ್ಕೆ ಮಾತ್ರ ಬರೆಯಿರಿ.

ಇನ್ನೊಂದು ಎಚ್ಚರಿಕೆಯಿದೆ. ಹಳೆಯ ಪುಸ್ತಕ ಇಟ್ಟುಕೊಂಡಿದ್ದರೆ ನಿಮ್ಮ ಪರೀಕ್ಷಾವಧಿಗೆ ಅನ್ವಯವಾಗುವ ದಾಖಲೆಗಳ ಪಟ್ಟಿಯೊಂದಿಗೆ ಅದನ್ನು ಹೋಲಿಸಿ ನೋಡಿ. ಹಣಕಾಸು ಪಟ್ಟಿಗಳ ಮಂಡನೆಗೆ ಸಂಬಂಧಿಸಿದ ಐಎಎಸ್ 1ರ ಸ್ಥಾನಕ್ಕೆ ಬರುವ ಹೊಸ ಮಾನದಂಡ ಐಎಫ್‌ಆರ್‌ಎಸ್ 18 ಏಪ್ರಿಲ್ 2024ರಲ್ಲಿ ಪ್ರಕಟವಾಗಿದ್ದು, 2027ರ ಜನವರಿ 1ರಂದು ಅಥವಾ ನಂತರ ಆರಂಭವಾಗುವ ವರ್ಷಗಳಿಗೆ ಜಾರಿಯಾಗುತ್ತದೆ. ಲಾಭ-ನಷ್ಟ ಪಟ್ಟಿಯ ವಿನ್ಯಾಸವೇ ಅದರಲ್ಲಿ ಬದಲಾಗಿದೆ.

ಉತ್ತರ 3

ಸ್ವಂತವಾಗಿ ಓದುವವರ ನಿಜವಾದ ತೊಂದರೆ ಪಾಠ ಹೇಳುವವರಿಲ್ಲ ಎಂಬುದಕ್ಕಿಂತ ತಿದ್ದುವವರಿಲ್ಲ ಎಂಬುದೇ ಆಗಿದೆಯೆಂದು ನನ್ನ ಅನುಭವ. ನಾನು ಮೊದಲ ಸಲ 46 ಅಂಕಕ್ಕೆ ನಿಂತವನು. ಉತ್ತರವನ್ನು ಮಾದರಿ ಉತ್ತರದೊಂದಿಗೆ ಹೋಲಿಸಿ, ಹೆಚ್ಚುಕಡಿಮೆ ಸರಿಯಾಗಿದೆ ಎಂದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಆ ‘ಹೆಚ್ಚುಕಡಿಮೆ’ಯಲ್ಲಿ ನಾಲ್ಕು ಅಂಕ ಕಳೆದುಹೋಗಿದ್ದವು.

ಒಂದು ತಪ್ಪನ್ನು ಹತ್ತಿರದಿಂದ ತೋರಿಸುತ್ತೇನೆ. ಅಂಗಸಂಸ್ಥೆಯು ಮಾತೃಸಂಸ್ಥೆಗೆ ವೆಚ್ಚದ ಮೇಲೆ ಶೇ 20ರಷ್ಟು ಲಾಭ ಸೇರಿಸಿ 1,20,000ಕ್ಕೆ ಸರಕು ಮಾರಿದೆ. ವರ್ಷಾಂತ್ಯಕ್ಕೆ ಅದರಲ್ಲಿ ಅರ್ಧದಷ್ಟು ದಾಸ್ತಾನಿನಲ್ಲಿ ಉಳಿದಿದೆ. ಹೊರಗಿನವರಿಗೆ ಮಾರದೆ ಉಳಿದ ಈ ಸರಕಿನಲ್ಲಿ ಸೇರಿರುವ ಲಾಭವನ್ನು ಸಮೂಹದ ಲೆಕ್ಕದಿಂದ ಕಳೆಯಬೇಕು. ನಾನು ಉಳಿದ 60,000ದ ಶೇ 20 ಎಂದು 12,000 ಕಳೆದೆ. ಲಾಭ ಸೇರಿರುವುದು ವೆಚ್ಚದ ಮೇಲಾದ್ದರಿಂದ ಮಾರಾಟ ಬೆಲೆ 120 ಇದ್ದರೆ ಲಾಭ 20. ಹಾಗಾಗಿ 60,000ವನ್ನು 20ರಿಂದ ಗುಣಿಸಿ 120ರಿಂದ ಭಾಗಿಸಿದರೆ ಬರುವ 10,000 ಸರಿಯಾದ ಮೊತ್ತ. ಅಷ್ಟಕ್ಕೇ ಮುಗಿಯಲಿಲ್ಲ. ಮಾರಿದ್ದು ಅಂಗಸಂಸ್ಥೆ, ಹೊರಗಿನ ಷೇರುದಾರರ ಪಾಲು ಶೇ 20 ಇದ್ದರೆ ಆ 10,000ದಲ್ಲಿ 2,000 ಅವರ ಪಾಲಿನಿಂದಲೂ 8,000 ಸಮೂಹದ ಉಳಿಕೆ ಲಾಭದಿಂದಲೂ ಹೋಗಬೇಕು. ನಾನು ಇಡೀ ಮೊತ್ತವನ್ನು ಸಮೂಹದ ತಲೆಗೆ ಕಟ್ಟಿದ್ದೆ. ಒಂದೇ ಸಾಲಿನಲ್ಲಿ ಎರಡು ತಪ್ಪು, ಮತ್ತು ಅದೇ ಎರಡನ್ನು ಮೂರು ವಾರಗಳಲ್ಲಿ ಐದು ಬಾರಿ ಮಾಡಿದ್ದೇನೆಂದು ತಿಳಿದದ್ದು ತಪ್ಪುಗಳಿಗೆಂದೇ ಒಂದು ಪುಸ್ತಕ ಇಟ್ಟ ಮೇಲೆ. ಅದರಲ್ಲಿ ದಿನಾಂಕ, ಏನು ಬರೆದೆ, ಏನು ಬರೆಯಬೇಕಿತ್ತು, ಏಕೆ ಎಡವಿದೆ ಎಂದಷ್ಟೇ ದಾಖಲಿಸುತ್ತಿದ್ದೆ. ‘ಏಕೆ’ ಎಂಬ ಜಾಗದಲ್ಲಿ ‘ಗಮನವಿಲ್ಲದೆ’ ಎಂದು ಬರೆಯುವುದನ್ನು ನನಗೆ ನಾನೇ ನಿಷೇಧಿಸಿಕೊಂಡೆ, ಏಕೆಂದರೆ ಅದು ಕಾರಣವಲ್ಲ, ಕ್ಷಮಾಪಣೆ.

ವಿಶ್ಲೇಷಣೆಯ ಪ್ರಶ್ನೆಗೂ ಇದೇ ಕಟ್ಟುನಿಟ್ಟು ಬೇಕು. ಅನುಪಾತ ಏರಿತು, ಇಳಿಯಿತು ಎಂದು ಬರೆದ ವಾಕ್ಯಕ್ಕೆ ನೀವೇ ಸೊನ್ನೆ ಹಾಕಿಕೊಳ್ಳಿ. ತೊಡಗಿಸಿದ ಬಂಡವಾಳದ ಮೇಲಿನ ಪ್ರತಿಫಲ ಇಳಿದಿದ್ದರೆ, ವರ್ಷದ ಕೊನೆಯ ದಿನ ಕಟ್ಟಡವನ್ನು ಮರುಮೌಲ್ಯಮಾಪನ ಮಾಡಿದ್ದರಿಂದ ಲಾಭಕ್ಕೆ ಏನೂ ಸೇರದೆ ಬಂಡವಾಳ ಮಾತ್ರ ಉಬ್ಬಿದೆ, ಆದ್ದರಿಂದ ಈ ಇಳಿಕೆ ವ್ಯವಹಾರದ ಕುಸಿತವನ್ನು ಸೂಚಿಸುವುದಿಲ್ಲ ಎಂಬಷ್ಟರ ಮಟ್ಟಿಗೆ ಹೋದಾಗಲೇ ಅಂಕ ಕೊಟ್ಟುಕೊಳ್ಳಿ.

ಉತ್ತರ 4

ಸಂಕ್ಷಿಪ್ತವಾಗಿ ಎರಡು ವಿಷಯ. ದೊಡ್ಡ ಪ್ರಶ್ನೆಗಳನ್ನು ಕಾಗದದ ಮೇಲೆ ಅಭ್ಯಾಸ ಮಾಡಬೇಡಿ. ಪರೀಕ್ಷೆ ನಡೆಯುವುದು ಸ್ಪ್ರೆಡ್‌ಶೀಟ್‌ನಲ್ಲಿ. ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ ಉತ್ತರವನ್ನಷ್ಟೇ ಕೋಶದಲ್ಲಿ ತುಂಬಿದರೆ, ಅದು ತಪ್ಪಾದಾಗ ಮೌಲ್ಯಮಾಪಕರಿಗೆ ನಿಮ್ಮ ವಿಧಾನ ಕಾಣುವುದಿಲ್ಲ. ಕೋಶದಲ್ಲೇ ಸೂತ್ರ ಬರೆದಿದ್ದರೆ ವಿಧಾನಕ್ಕೆ ಸಿಗಬೇಕಾದ ಅಂಕವಾದರೂ ಸಿಗುತ್ತದೆ.

ಎರಡನೆಯದಾಗಿ, ನೀವು ಲೆಕ್ಕಪತ್ರ ವಿಭಾಗದಲ್ಲಿದ್ದೀರಿ. 14 ವಾರಗಳಲ್ಲಿ ಮೂರು ಬಾರಿ ತಿಂಗಳ ಕ್ಲೋಸಿಂಗ್ (ಆ ತಿಂಗಳ ಲೆಕ್ಕ ಮುಗಿಸುವ ಕೆಲಸ) ಖಂಡಿತ ಬರುತ್ತದೆ, ಆ ವಾರಗಳಲ್ಲಿ ಬೆಳಗಿನ ಒಂದು ಗಂಟೆಯೂ ಕೈಗೆ ಸಿಗುವುದಿಲ್ಲ. ಆ ಐದೈದು ಗಂಟೆಗಳನ್ನು ಮೊದಲೇ ಹೊಡೆದುಹಾಕಿದರೆ 154 ಗಂಟೆಗಳ ಬದಲು 139 ಉಳಿಯುತ್ತದೆ; ಯೋಜನೆಯನ್ನು ಈ 139ಕ್ಕೆ ಹಾಕಿ. ಪರೀಕ್ಷೆಗಳು ಸಾಮಾನ್ಯವಾಗಿ ತಿಂಗಳ ಮೊದಲ ವಾರದಲ್ಲೇ, ಅಂದರೆ ಕ್ಲೋಸಿಂಗ್‌ನ ನಡುವೆಯೇ ಬೀಳುವುದರಿಂದ ರಜೆಯ ಅರ್ಜಿಯನ್ನು ಇಂದೇ ಕೊಟ್ಟುಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಳೆದ ಬಾರಿ ನಾನು ಹಿಂದೆ ಬಿದ್ದ ಮೂರು ಅಧ್ಯಾಯಗಳ ದಿನಾಂಕಗಳನ್ನು ಹಳೆಯ ವೇಳಾಪಟ್ಟಿಯಲ್ಲಿ ನೋಡಿದೆ. ಎರಡು ಅಧ್ಯಾಯಗಳು ಸರಿಯಾಗಿ ಕ್ಲೋಸಿಂಗ್ ವಾರದಲ್ಲೇ ಬಿದ್ದಿದ್ದವು. ಈಗ ಮೊದಲ ಒಂಬತ್ತು ವಾರ ಪಠ್ಯಕ್ರಮಕ್ಕೆ, ಅದರಲ್ಲಿ ಮೂರನೆಯ ಮತ್ತು ನಾಲ್ಕನೆಯ ವಾರ ಕನ್ಸಾಲಿಡೇಷನ್‌ಗೆ, ಆನಂತರದ ಎರಡು ವಾರ ತಪ್ಪುಗಳ ಪುಸ್ತಕ ತೋರಿಸುವ ದುರ್ಬಲ ಜಾಗಗಳಿಗೆ, ಕೊನೆಯ ಮೂರು ವಾರ ಪೂರ್ಣ ಮಾದರಿ ಪರೀಕ್ಷೆಗಳಿಗೆ ಎಂದು ಹಂಚಿಕೊಂಡಿದ್ದೇನೆ. ಮೂರು ವಾರಗಳಲ್ಲಿ ಆರು ಪರೀಕ್ಷೆ ಬರೆಯಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ 3ರವರಿಂದ ಮತ್ತೆ

ಆರು ಹೆಚ್ಚಾಯಿತು. ಮೂರು ಗಂಟೆಯ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ತಿದ್ದಲು ಕನಿಷ್ಠ ಎರಡು ಗಂಟೆ ಬೇಕು, ತಪ್ಪಿದ್ದನ್ನು ಮತ್ತೆ ಬಿಡಿಸಲು ಇನ್ನೆರಡು. ಒಂದಕ್ಕೆ ಏಳು ಗಂಟೆಯೆಂದರೆ ಆರಕ್ಕೆ 42. ನಿಮ್ಮಲ್ಲಿ ಆ ಮೂರು ವಾರಗಳಿಗಿರುವುದು 33, ಕ್ಲೋಸಿಂಗ್ ಬಂದರೆ 28. ನಾಲ್ಕು ಸಾಕು. ಮೊದಲನೆಯದನ್ನು 12ನೆಯ ವಾರದವರೆಗೂ ಕಾಯಿಸದೆ ಹತ್ತನೆಯ ವಾರದ ಶನಿವಾರವೇ ಬರೆಯಿರಿ. ಅಂಕ ಕಡಿಮೆ ಬರುತ್ತದೆ, ಬರಲಿ, ದುರ್ಬಲ ಜಾಗಗಳಿಗೆಂದು ನೀವು ಮೀಸಲಿಟ್ಟ ಎರಡು ವಾರಗಳನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಹೇಳುವುದು ಆ ಪರೀಕ್ಷೆಯೇ.