ಸಹಾಯ ಬೇಕು: ಕೈಲ್‌ಪೊಳ್ದ್ ಸ್ಪರ್ಧೆಗೆ ತೆಂಗಿನಕಾಯಿ ನಿಲ್ಲಿಸುವುದು ಹೇಗೆ?

ಕೊಡಗಿನ ಬಂಧುಗಳೇ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಆಯುಧಪೂಜೆ ಹಬ್ಬಕ್ಕೆ ನಮ್ಮೂರ ಮಂದ್‌ನಲ್ಲಿ (ಊರ ಮೈದಾನದಲ್ಲಿ) ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಪಂದಿ ಕರಿಗೂ ಸಾಕಿದ ಹಂದಿಯೇ. ಹಾಗಾಗಿ ಕೋವಿಗೆ ಕೆಲಸ ಅಂದರೆ ಇದೊಂದೇ.

ಪಾಯಿಂಟ್ 22 ರೈಫಲ್‌ಗೆ 50 ಮೀಟರ್, ಚರೆ (ಸಣ್ಣ ಸೀಸದ ಗುಂಡುಗಳು) ಹಾರಿಸುವ 12 ಬೋರ್ ಕೋವಿಗೆ 30 ಮೀಟರ್ ಅಂತ ಯೋಚಿಸಿದ್ದೇವೆ. ಮರದ ತುದಿಗೆ ಕಾಯಿ ಕಟ್ಟುವ ಹಳೇ ಪದ್ಧತಿ ಬೇಡ. ಗುರಿ ತಪ್ಪಿದ ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು, ಆಚೆ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿವೆ. ಆದ್ದರಿಂದ ಕಲ್ಲಿಲ್ಲದ ಮಣ್ಣಿನ ಬರೆಯ (ದಿಬ್ಬದ ಕಡಿದಾದ ಬದಿಯ) ಮುಂದೆಯೇ ಗುರಿ. ಕಲ್ಲು, ಕಬ್ಬಿಣದ ಕಂಬ ಇದ್ದರೆ ಗುಂಡು ಸಿಡಿದು ಬೇರೆ ಕಡೆ ಹಾರುತ್ತದೆ.

ತೊಡಕು ಇರುವುದು ಕಾಯಿಯಲ್ಲಿ. ಹಗ್ಗಕ್ಕೆ ನೇತುಹಾಕಿದರೆ ಗಾಳಿಗೆ ತೂಗುತ್ತದೆ, ಚರೆ ತಗುಲಿ ಹಗ್ಗ ತುಂಡಾದರೂ ಕಾಯಿ ಬಿದ್ದೇ ಬೀಳುತ್ತದೆ. ಆಮೇಲೆ "ಅದು ನನ್ನ ಈಡು" ಅಂತ ಜಗಳ. ಸಿಪ್ಪೆ ಸಮೇತ ಇಟ್ಟರೆ ಚರೆ ನಾರಿನೊಳಗೆ ಕೂತು ಏನೂ ಕಾಣುವುದಿಲ್ಲ. ಸುಲಿದ ಬಲಿತ ಕಾಯಿಯಾದರೆ ತೂತಿನಿಂದ ನೀರು ಸೋರುವುದು ದೂರದಿಂದಲೇ ಗೊತ್ತಾಗುತ್ತದೆ, ಆದರೆ ಅದು ಮರದ ಗೂಟದ ಮೇಲೆ ನೆಟ್ಟಗೆ ನಿಲ್ಲದು, ಉರುಳುತ್ತದೆ.

ಸುಲಿದ ಕಾಯಿಯನ್ನು ಹಗ್ಗವಿಲ್ಲದೆ ಗಟ್ಟಿಯಾಗಿ ಕೂರಿಸುವ ಉಪಾಯ ಯಾರಾದರೂ ಮಾಡಿದ್ದೀರಾ? ಮರದ ದಿಮ್ಮಿಯಲ್ಲಿ ಗುಳಿ ಕೊರೆದರೆ ಎಷ್ಟು ಆಳ ಬೇಕು? ಮಳೆಗೆ ನೆನೆದ ಬರೆ ಕುಸಿಯದಂತೆ ಏನು ಆಧಾರ ಕೊಡುತ್ತೀರಿ? ಇನ್ನೊಂದು: ಕೋವಿ ವಿನಾಯಿತಿ ಪತ್ರ (ಲೈಸೆನ್ಸ್ ಇಲ್ಲದೆ ಕೋವಿ ಇಡಲು ಕೊಡುವ ಪತ್ರ) ಇಲ್ಲದ ನೆಂಟರಿಗೆ ಏರ್‌ಗನ್‌ನಲ್ಲಿ ಮೊಟ್ಟೆ ಹೊಡೆಯುವುದನ್ನು ಪ್ರತ್ಯೇಕವಾಗಿ ಇಡುತ್ತೇವೆ, ಅದಕ್ಕೆ ಎಷ್ಟು ದೂರ ಸರಿ?